ಸಿಲಿಂಡರ್ ಹೆಡ್ಡಿನಲ್ಲಿ ಎರೆದ ಅಪ್ಪ

ಹೆಂಡತಿಯಿಂದ ಕಾರು ನೂಕಿಸಿದ ಗಂಡಸರು ಲೋಕದಲ್ಲಿ ಬೇಕಾದಷ್ಟು ಇರಬಹುದು. ಆದರೆ ಮದುವೆಯಾದ ದಿನವೇ, ಧಾರೆ ಸೀರೆಯಲ್ಲೇ, ಕೊರಳಿನ ಹಾರ ತೆಗೆಯಲೂ ಬಿಡದೆ ನೂಕಿಸಿದ ಕೀರ್ತಿ ಡೊಂಬಿವಲಿ ಪೂರ್ವದ ‘ಅನಂತ ವಿಲಾಸ’ ಹೋಟೆಲಿನ ಪುಂಡರೀಕಾಕ್ಷ ರಾಯರೊಬ್ಬರದೇ. ಮೂವತ್ತೆರಡು ವರ್ಷದ ಹಿಂದೆ ಠಾಣೆಯ ಒಂದು ಹಾಲ್‌ನಲ್ಲಿ ತಾಳಿ ಕಟ್ಟಿ, ಸೋದರಮಾವನ ಇಂಪಾಲಾ ಕಾರಿನಲ್ಲಿ ಹೊಸ ಹೆಂಡತಿಯನ್ನು ಕೂರಿಸಿಕೊಂಡು ಅವರು ಡೊಂಬಿವಲಿಗೆ ಹೊರಟಿದ್ದರು. ದಾರಿಯ ಶಿಳ್‌ಫಾಟಾ ಕೂಡುರಸ್ತೆಯ ತನಕ ರಾಜಗಾಂಭೀರ್ಯದಿಂದ ಬಂದ ಕಾರು ಅಲ್ಲಿ ಒಮ್ಮೆ ಕೆಮ್ಮಿತು, ಎರಡನೇ ಸಲ ಕೆಮ್ಮುವ ಶ್ರಮವನ್ನೂ ತೆಗೆದುಕೊಳ್ಳದೆ ನಿಂತುಬಿಟ್ಟಿತು. ರಾಯರು ಸ್ಟಿಯರಿಂಗ್ ಹಿಡಿದಿದ್ದರು. (ಯಾರಾದರೂ ಹಿಡಿಯಲೇಬೇಕಲ್ಲ ಎಂಬುದು ಇವತ್ತಿಗೂ ಅವರ ವಾದ.) ಇಳಿದು ನೂಕಿದವರು ಗಂಗಕ್ಕ.

ಆ ಒಂದು ನೂಕುವಿಕೆ ಗಂಗಕ್ಕನಿಗೆ ಸಂಸಾರದಲ್ಲಿ ಎಷ್ಟು ಉಪಕಾರಕ್ಕೆ ಬಂದಿದೆ ಎಂದರೆ ಹೇಳತೀರದು. ರಾಯರು ಸಾರಿಗೆ ಉಪ್ಪು ಕಡಿಮೆ ಎಂದರೂ ಅದು ಬರುತ್ತದೆ, ಸೀರೆ ಯಾಕೆ ಇಷ್ಟು ಎಂದರೂ ಬರುತ್ತದೆ. “ಬೇರೆ ಮನೆಯಲ್ಲಿ ಮದುಮಗಳು ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬರ್ತಾಳೆ. ನಾನು ಕಾರು ನೂಕಿಕೊಂಡು ಬಂದವಳು, ಗೊತ್ತುಂಟಲ್ಲ?” ಎಂದು ಅವರು ಹೇಳಿದ ಕೂಡಲೇ ರಾಯರು ಉಪ್ಪಿಲ್ಲದ ಸಾರನ್ನು ಇನ್ನೊಂದು ಸೌಟು ಬಡಿಸಿಕೊಂಡು ಉಣ್ಣುತ್ತಾರೆ.

ಹೀಗಿರುವಾಗ ರಾಯರಿಗೆ ಅರವತ್ತು ತುಂಬುವ ಕಾಲ ಬಂತು. ಷಷ್ಟ್ಯಬ್ದಿ ಎಂದರೆ ಅದೇ ಹೆಂಡತಿಗೆ ಇನ್ನೊಮ್ಮೆ ತಾಳಿ ಕಟ್ಟುವ ಅವಕಾಶ. ದೇವರು ಕೊಟ್ಟ ರೀ-ಟೆಸ್ಟು! ಅದೇ ಠಾಣೆಯ ಹಾಲು, ಅದೇ ಹೆಂಡತಿ. ಹಾಗಾದರೆ ಕಾರೂ ಅದೇ ಆಗಿದ್ದರೆ? ಅದೇ ಇಂಪಾಲಾದಲ್ಲಿ, ಅದೇ ಶಿಳ್‌ಫಾಟಾದ ಮೇಲೆ, ಎಲ್ಲಿಯೂ ನಿಲ್ಲದೆ ಕೆಮ್ಮದೆ ಗಂಗಕ್ಕನನ್ನು ರಾಣಿಯ ಹಾಗೆ ಕರೆದೊಯ್ದರೆ ಮೂವತ್ತೆರಡು ವರ್ಷದ ಕಳಂಕ ತೊಳೆದುಹೋಗುತ್ತದೆ. ಸಾರಿಗೆ ಉಪ್ಪು ಕಡಿಮೆ ಎಂದು ಎದೆ ತಟ್ಟಿ ಹೇಳಬಹುದು. ಈ ದಿವ್ಯ ಯೋಚನೆ ಹೊಳೆದದ್ದೇ ಹೋಟೆಲಿನ ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ, ಕೂತಿದ್ದ ರಾಯರು ಒಬ್ಬ ಗಿರಾಕಿಗೆ ಚಿಲ್ಲರೆಯ ಜೊತೆ ಅವನು ಕೊಟ್ಟ ನೋಟನ್ನೂ ವಾಪಸ್ ಕೊಟ್ಟರು.

ಕಾರು ಸಿಕ್ಕಿದ್ದು ಶಹಾಡ್‌ನಲ್ಲಿ, ಮುಂಡಪ್ಪನ ಗ್ಯಾರೇಜಿನ ಹಿತ್ತಿಲಲ್ಲಿ. ಸೋದರಮಾವ ಯಾವತ್ತೋ ಅದನ್ನು ಅವನಿಗೆ ಮಾರಿದ್ದರು. ಹಿಂದಿನ ಸೀಟಿನಲ್ಲಿ ನಾಯಿಯೊಂದು ಎರಡು ಬಾಣಂತನ ಮುಗಿಸಿತ್ತು. ಮುಂಡಪ್ಪ ಮೂಡುಬಿದಿರೆ ಕಡೆಯವನು. ಹಡಗಿನ ಎಂಜಿನ್ ರೂಮಿನಲ್ಲಿ ವರ್ಷಗಟ್ಟಲೆ ದುಡಿದವನಾದ್ದರಿಂದ ಗುಟ್ಟಿನ ಮಾತನ್ನೂ ಪಕ್ಕದೂರು ಉಲ್ಲಾಸನಗರಕ್ಕೆ ಕೇಳುವ ಹಾಗೆ ಹೇಳುತ್ತಿದ್ದ. ತನಗಿಂತ ದೊಡ್ಡ ಎಂಜಿನ್ ತಜ್ಞ ಕಲ್ಯಾಣದಿಂದ ಕಸಾರಾದವರೆಗೆ ಇಲ್ಲ ಎಂಬುದು ಅವನ ನಂಬಿಕೆ. ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

“ಏಳು ಲೀಟರಿನ ಮೇಲಿನ ಎಂಜಿನ್ ರಾಯರೇ! ಎಂಟು ಸಿಲಿಂಡರ್! ಕೆಳಗಿನ ಅರ್ಧ ನಾನು ಹೊಸತು ಮಾಡಿ ಕೊಡ್ತೇನೆ. ಆದ್ರೆ ಹೆಡ್ ಎರಡೂ ಬಿರುಕು ಬಿಟ್ಟಿದೆ. ಹೆಡ್ ನೀವು ಹುಡುಕಬೇಕು.”

ಸಿಲಿಂಡರ್ ಹೆಡ್ಡು ಎಂದರೆ ಎಂಜಿನ್ನಿನ ತಲೆ. ಗಾಳಿ, ಪೆಟ್ರೋಲು ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಅದರ ದಾರಿಗಳಲ್ಲಿ. ಅದರ ಅಡಿಯಲ್ಲಿ ಸಾಲಾಗಿ ನಾಲ್ಕು ಗುಳಿಗಳು. ಬೆಂಕಿ ಹೊತ್ತುವುದು ಆ ಗುಳಿಗಳಲ್ಲಿ. ಈ ಎಂಜಿನ್ನಿಗೆ ಅಂಥ ಎರಡು ತಲೆ ಬೇಕು. ಸ್ವಂತ ಒಂದು ತಲೆಯನ್ನು ಸಂಭಾಳಿಸಲು ಕಷ್ಟಪಡುವ ರಾಯರು ಇನ್ನೆರಡರ ಹುಡುಕಾಟಕ್ಕೆ ಬಿದ್ದರು.

ಬಿದ್ದದ್ದು ಬಿದ್ದೇಬಿಟ್ಟರು. ಗಲ್ಲೆಯಲ್ಲಿ, ಊಟದಲ್ಲಿ, ಲೋಕಲ್ ಟ್ರೇನಿನ ನೂಕಾಟದಲ್ಲಿ ಒಂದೇ ಕಾಲಲ್ಲಿ ನಿಂತಾಗಲೂ ಫೋನಿನಲ್ಲಿ ಹೆಡ್ಡುಗಳ ಚಿತ್ರಗಳನ್ನೇ ನೋಡುತ್ತಿದ್ದರು. ಬೀಡುಕಬ್ಬಿಣದ್ದು, ಅಲ್ಯುಮಿನಿಯಮ್ಮಿನದು, ಚೌಕದ ದಾರಿಯದು, ಮೊಟ್ಟೆಯಾಕಾರದ ದಾರಿಯದು. ಸುಳ್ಳು ಯಾಕೆ ಹೇಳಬೇಕು, ಅವು ಸುಂದರವಾಗಿಯೇ ಇದ್ದವು. ಗಾಳಿಗಾಗಿ ಒಂದು ದಾರಿ ಕೊರೆದು, ಅದನ್ನು ಬಳುಕಿಸಿ, ಕವಾಟದ ಬಾಯಿಗೆ ತಂದು ಬಿಟ್ಟವನ ಕೈಗೆ ರಾಯರು ಮನಸ್ಸಿನಲ್ಲೇ ಎಷ್ಟೋ ಸಲ ಕೈಮುಗಿದರು. ಗಂಡ ಫೋನು ನೋಡಿ ತನ್ನಷ್ಟಕ್ಕೆ ನಗುವುದನ್ನು ಕಂಡ ಗಂಗಕ್ಕ ಒಂದು ದಿನ ಹಿಂದಿನಿಂದ ಬಂದು ಇಣುಕಿದರು.

“ಹೆಂಗಸಾದ್ರೆ ಬೈದು ಸರಿ ಮಾಡಬಹುದಿತ್ತು,” ಎಂದು ಅವರು ಮಗಳು ಶ್ರೀಪ್ರಿಯಾಳ ಹತ್ತಿರ ಅಂದರು. “ಕಬ್ಬಿಣದ ತುಂಡಿಗೆ ನಗುವವರನ್ನು ಎಂತ ಮಾಡುದು?”

ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಶ್ರೀಪ್ರಿಯಾಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಮರಾಠಿ. “ಪಪ್ಪಾ, ಶಿಳ್‌ಫಾಟ್ಯಾಲಾ ಸಗಳೇ ಚಾಲತಚ್ ಜಾತಾತ್. ಎವಢಾ ಇಂಜಿನ್ ಕಶಾಲಾ?” ಎಂದಳು. ಅಲ್ಲಿಯ ಟ್ರಾಫಿಕ್ಕಿನಲ್ಲಿ ಎಲ್ಲ ಗಾಡಿಗಳೂ ಕಾಲ್ನಡಿಗೆಯ ವೇಗದಲ್ಲೇ ಹೋಗುತ್ತವೆ, ಇಷ್ಟು ದೊಡ್ಡ ಎಂಜಿನ್ ಯಾತಕ್ಕೆ ಎಂದು ಅವಳ ಪ್ರಶ್ನೆ. ಮಗಳಿಗೆ ಸಂಸ್ಕಾರ ಕಡಿಮೆಯಾಯಿತು ಎಂದರು ರಾಯರು.

ಗಂಗಕ್ಕ ಮಾತ್ರ ಶಾಸನ ಹೊರಡಿಸಿದರು. ಮನೆಯ ಗ್ಯಾಲರಿಯಲ್ಲಿ ಕಾರಿನ ಬಾಗಿಲಿನ ಹಿಡಿಗಳು, ಮಂಚದ ಅಡಿಯಲ್ಲಿ ದೀಪದ ಬುರುಡೆಗಳು, ಹಪ್ಪಳದ ಡಬ್ಬಿಯಲ್ಲಿ ಬೋಲ್ಟುಗಳು ತುಂಬಿ ಆಗಲೇ ಕಾಲಿಡಲು ಜಾಗವಿರಲಿಲ್ಲ. “ಇನ್ನು ಒಂದು ಸ್ಕ್ರೂ ಈ ಹೊಸ್ತಿಲು ದಾಟಬಾರದು. ಹಾಲ್‌ಗೆ ಟ್ಯಾಕ್ಸಿಯಲ್ಲಿ ಹೋಗುವ. ಈಗ ನೂಕಲಿಕ್ಕೆ ನನಗೆ ಮೊಣಗಂಟು ನೋವು.”

ಇಷ್ಟಾದ ಮೇಲೂ ರಾಯರು ನವಿ ಮುಂಬಯಿಯ ತುರ್ಭೆಗೆ ಹೋದರು. ಅಲ್ಲಿ ವಾಸು ಎಂಬವನು ಹೊರದೇಶದ ಹಳೆ ಎಂಜಿನ್ನುಗಳ ಸಾಮಾನು ತರಿಸಿ ಮಾರುತ್ತಿದ್ದ. ಅವನ ಅಂಗಡಿಯಲ್ಲಿ ಇಂಪಾಲಾಕ್ಕೆ ಹೊಂದುವ ಎರಡು ಜೊತೆ ಹೆಡ್ಡುಗಳಿದ್ದವು. ಒಂದು ಜೊತೆ ಮಂಕಾಗಿ, ದಾರಿ ಕಿರಿದಾಗಿ, ಯಾರ ಕಣ್ಣಿಗೂ ಬೀಳದಂತೆ ಮೂಲೆಯಲ್ಲಿ ಕೂತಿತ್ತು. ಇನ್ನೊಂದು ಜೊತೆ! ಯಾರೋ ರೇಸಿನವನು ಕೈಯಾರೆ ಕೊರೆದು, ದಾರಿಗಳನ್ನು ಅಗಲ ಮಾಡಿ, ಗುಳಿಗಳನ್ನು ಕನ್ನಡಿಯಂತೆ ಉಜ್ಜಿದ್ದ. ರಾಯರು ಬಗ್ಗಿ ನೋಡಿದಾಗ ಎಂಟು ಗುಳಿಗಳಲ್ಲಿ ಎಂಟು ಪುಂಡರೀಕಾಕ್ಷರು ಕಂಡರು, ಎಲ್ಲರೂ ಸಂತೋಷವಾಗಿದ್ದರು.

ಮುಂಡಪ್ಪನಿಗೆ ಫೋನು ಮಾಡಿ ಹೇಳಿದರೆ ಅವನು ಕಿವಿ ಹರಿಯುವಂತೆ ಕೂಗಿದ. “ಬೇಡ ರಾಯರೇ! ಅದು ರೇಸಿಗೆ! ಅಷ್ಟು ಅಗಲದ ಪೋರ್ಟಿನಲ್ಲಿ ಲೋ ಆರ್‌ಪಿಎಂನಲ್ಲಿ ಏರ್ ವೆಲಾಸಿಟಿ ಬೀಳ್ತದೆ! ಟಾರ್ಕ್ ಇರುದಿಲ್ಲ! ಊರಿನ ರಸ್ತೆಗೆ ಆ ಮೂಲೆಯದ್ದೇ ಸರಿ!”

“ನಿನಗೆ ದೊಡ್ಡದೆಂದರೆ ಹೊಟ್ಟೆಕಿಚ್ಚು ಮಾರಾಯ.”

“ಆ ಹೆಡ್ಡನ್ನು ನನ್ನ ಗ್ಯಾರೇಜಿಗೆ ತಂದ್ರೆ ನಾನು ಬಾಗಿಲು ಹಾಕ್ತೇನೆ!”

ಗ್ಯಾರೇಜಿಗೆ ಪ್ರವೇಶವಿಲ್ಲ, ಮನೆಗೆ ನಿಷೇಧ. ಆದರೆ ವಾಸು ಉದಾರಿ. “ನಾಲ್ಕು ದಿನ ಇಟ್ಟು ನೋಡಿ, ಪಸಂದ್ ಬಂದರೆ ತಗೊಳ್ಳಿ” ಎಂದ. ಅಂಥ ಚೆಲುವನ್ನು ಬಿಟ್ಟುಬರಲು ರಾಯರಿಗೆ ಕಾಲೇ ಏಳಲಿಲ್ಲ. ಹೊಳೆಯುವ ಜೊತೆಯನ್ನು ಗೋಣಿಯಲ್ಲಿ ಸುತ್ತಿ ಟೆಂಪೋದಲ್ಲಿ ಹಾಕಿಸಿಕೊಂಡು ಹೊರಟರು. ಅವರ ಕಟ್ಟಡದ ಸೊಸೈಟಿಯ ವಾಚ್‌ಮನ್ ಹೊತ್ತು ತಂದು ಬಾಗಿಲಲ್ಲಿ ಇಳಿಸುವ ಹೊತ್ತಿಗೆ ಸರಿಯಾಗಿ ಗಂಗಕ್ಕ ಬಾಗಿಲು ತೆರೆದರು. ಗೋಣಿ ಜಾರಿತು. ಎಂಟು ಗುಳಿಗಳು ಗಂಗಕ್ಕನನ್ನು ನೋಡಿದವು.

“ಎಂತದು ಇದು?”

ಆಪತ್ತಿನಲ್ಲಿ ಮನುಷ್ಯನಿಗೆ ತನ್ನ ಕಸುಬೇ ನೆನಪಾಗುತ್ತದೆ. “ಅಪ್ಪದ ಕಾವಲಿ,” ಎಂದುಬಿಟ್ಟರು ರಾಯರು. “ಹೋಟೆಲಿಗೆ. ಫಾರಿನ್ ಮಾಡೆಲ್. ಒಟ್ಟಿಗೆ ಎಂಟು ಆಗ್ತದೆ.”

ಗಂಗಕ್ಕ ಬಗ್ಗಿ ಹಿಂಬದಿ ನೋಡಿದರು. “ಈ ಸ್ಪ್ರಿಂಗ್ ಎಂತಕ್ಕೆ?”

“ಅದು... ಬೆಂದ ಮೇಲೆ ಅಪ್ಪ ತಾನಾಗಿ ಮೇಲೆ ಹಾರಲಿಕ್ಕೆ.”

“ಭಾರೀ ಒಳ್ಳೆದುಂಟು,” ಎಂದು ಗಂಗಕ್ಕ ದಾರಿ ಬಿಟ್ಟರು. ಅವರು ನಂಬಿದರು. ಅಥವಾ, ಅವರು ನಂಬಿದರೆಂದು ರಾಯರು ನಂಬಿದರು.

ಮರುದಿನ ಸಂಕಷ್ಟಿ. ಆವತ್ತು ಗಣಪತಿಗೆ ಅಪ್ಪ ಮಾಡುವುದು ಮನೆಯ ಪದ್ಧತಿ. ಬ್ಯಾಂಕಿನ ಕೆಲಸ ಮುಗಿಸಿ ರಾಯರು ಹೋಟೆಲಿಗೆ ಬಂದರೆ ಗಲ್ಲೆಯ ತನಕ ತುಪ್ಪ, ಬೆಲ್ಲ, ಏಲಕ್ಕಿಯ ಪರಿಮಳ. ಸಪ್ಲೈಯರುಗಳು ಒಬ್ಬರೂ ಟೇಬಲಿನ ಹತ್ತಿರವಿಲ್ಲ, ಎಲ್ಲರೂ ಅಡುಗೆಮನೆಯ ಬಾಗಿಲಲ್ಲಿ. ರಾಯರು ಅವರನ್ನು ಸರಿಸಿ ಒಳಗೆ ಹೋದರು, ಅಲ್ಲೇ ಗೋಡೆ ಹಿಡಿದುಕೊಂಡರು.

ದೋಸೆಯ ದೊಡ್ಡ ಹಂಚಿನ ಮೇಲೆ, ಮನೆಯಿಂದ ಹೊತ್ತು ತರಿಸಿದ ಎರಡೂ ಸಿಲಿಂಡರ್ ಹೆಡ್ಡುಗಳು ಅಂಗಾತ ಮಲಗಿದ್ದವು. ಬಿಸಿನೀರಿನಲ್ಲಿ ತೊಳೆಸಿಕೊಂಡು, ತುಪ್ಪ ಸವರಿಸಿಕೊಂಡು, ಬೆಳಗಿನಿಂದ ಕಾದು ಹದವಾಗಿದ್ದವು. ಗಂಗಕ್ಕ ಸೆರಗು ಬಿಗಿದು ಸೌಟಿನಲ್ಲಿ ಹಿಟ್ಟು ಎರೆಯುತ್ತಿದ್ದರು. ಹೊರದೇಶದ ರೇಸಿನ ಮೈದಾನದಲ್ಲಿ ಬೆಂಕಿ ಉಗುಳಿದ ಗುಳಿಗಳಲ್ಲಿ ಬಾಳೆಹಣ್ಣಿನ ಅಪ್ಪ ಚುಂಯ್ ಎಂದು ಬೇಯುತ್ತಿತ್ತು. ರಾಯರಿಗೆ ಕೂಗಬೇಕೆನಿಸಿತು; ಆದರೆ ಕೂಗಿದರೆ ಸುಳ್ಳು ಹೊರಗೆ, ಸುಮ್ಮನಿದ್ದರೆ ಹೆಡ್ಡು ಬೆಂಕಿಯೊಳಗೆ. ಅವರು ಸುಮ್ಮನೆ ಬೆವರಿದರು.

“ಸ್ಪ್ರಿಂಗ್ ಕೆಲಸ ಮಾಡುದಿಲ್ಲ ಮಾರ್ರೆ,” ಎಂದರು ಗಂಗಕ್ಕ ಅತ್ತ ತಿರುಗದೆಯೇ. “ಒಂದೂ ಹಾರುದಿಲ್ಲ. ನಾನೇ ಎಬ್ಬಿಸಬೇಕು.”

ಎಬ್ಬಿಸಿ ಬಾಳೆಲೆಯ ಮೇಲೆ ಸಾಲಾಗಿ ಇಟ್ಟರು. ಎಂಟು ಅಪ್ಪಗಳು, ಒಂದೊಂದೂ ದೊಡ್ಡ ಗೇರುಬೀಜದ ಆಕಾರದಲ್ಲಿ, ಕೆಂಪಗೆ, ಹೊಳೆಯುತ್ತ. ಹುಡುಗರು ಹೋ ಎಂದರು. ಗಂಗಕ್ಕನೂ ನಗುತ್ತಿದ್ದರು. ಆಮೇಲೆ ನಗು ನಿಂತಿತು. ಬಗ್ಗಿ ಇನ್ನೊಮ್ಮೆ ನೋಡಿದರು, ಎರಡು ಅಪ್ಪಗಳನ್ನು ಎರಡು ಅಂಗೈಯಲ್ಲಿ ಇಟ್ಟು ತೂಗಿದರು.

ಇಲ್ಲಿ ‘ಅನಂತ ವಿಲಾಸ’ದ ಒಂದು ಕ್ರಮ ಹೇಳಬೇಕು. ಈ ಹೋಟೆಲಿಗೆ ಇಡ್ಲಿಯ ತಟ್ಟೆಯಾಗಲಿ ಅಪ್ಪದ ಕಾವಲಿಯಾಗಲಿ ಹೊಸತು ಬಂದರೆ ಗಂಗಕ್ಕ ಅದಕ್ಕೆ ಒಂದೇ ಸೌಟಿನ ಪರೀಕ್ಷೆ ಮಾಡುತ್ತಾರೆ. ಒಂದು ಸೌಟು, ಒಂದೇ ಅಳತೆ, ಪ್ರತಿ ಗುಳಿಗೂ. ಒಂದು ಗುಳಿಯಲ್ಲಿ ಚೆಲ್ಲಿ ಇನ್ನೊಂದರಲ್ಲಿ ತುಂಬದಿದ್ದರೆ ಆ ಪಾತ್ರೆ ಅದೇ ದಿನ ಅಂಗಡಿಗೆ ವಾಪಸ್. ಡೊಂಬಿವಲಿಯ ಗಿರಾಕಿ ಸ್ಟೇಷನ್ನಿಗೆ ಓಡುವ ಅವಸರದಲ್ಲೂ ಪಕ್ಕದವನ ತಟ್ಟೆಯ ಇಡ್ಲಿಯನ್ನು ತನ್ನದರ ಜೊತೆ ಹೋಲಿಸದೆ ತಿನ್ನುವವನಲ್ಲ. ಈ ಪರೀಕ್ಷೆಯಲ್ಲಿ ಗಂಗಕ್ಕನ ಕಣ್ಣು ತಪ್ಪಿದ್ದಿಲ್ಲ, ಅದು ಅವರಿಗೂ ಗೊತ್ತು, ಪಾತ್ರೆ ಅಂಗಡಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು.

“ಇದು ನೋಡಿ,” ಎಂದರು ಗಂಗಕ್ಕ. ಈಗ ಸ್ವರದಲ್ಲಿ ತಮಾಷೆಯಿರಲಿಲ್ಲ. “ಒಂದೇ ಸೌಟು ಹೊಯ್ದದ್ದು. ಇಲ್ಲಿ ಚೆಲ್ಲಿತು. ಈ ಮೂರನೆಯ ಗುಳಿ ದೊಡ್ಡದು, ತುಂಬಲಿಕ್ಕೆ ಅರ್ಧ ಬೆರಳು ಕಡಿಮೆ ಬಿತ್ತು. ಆಚೆಯ ಕಾವಲಿಯಲ್ಲೂ ಎರಡು ದೊಡ್ಡದು, ಒಂದು ಸಣ್ಣದು. ಉಜ್ಜಿ ಉಜ್ಜಿ ಹೊಳಪು ಮಾಡಿದ್ದಾನೆ, ಅಳತೆ ನೋಡಲಿಲ್ಲ. ಇಂಥ ಕಾವಲಿಯನ್ನು ನಿಮ್ಮ ತಲೆಗೆ ಕಟ್ಟಿದವ ಯಾರು?”

“ಕಾವಲಿ ಅಲ್ಲ ಮಾರಾಯ್ತಿ, ಸಿಲಿಂಡರ್ ಹೆಡ್!” ರಾಯರ ಬಾಯಿಂದ ಹಾರಿಹೋಯಿತು.

“ಅದು ನನಗೆ ನಿನ್ನೆಯೇ ಗೊತ್ತುಂಟು. ಎರಡು ತಿಂಗಳಿಂದ ಇದರ ಪಟ ನೋಡಿ ನಗ್ತಾ ಇದ್ದೀರಿ, ನನಗೆ ಗುರ್ತ ಸಿಗುದಿಲ್ವಾ?” ಗಂಗಕ್ಕ ಬಾಳೆಲೆಯನ್ನು ಅವರ ಮುಂದೆ ನೂಕಿದರು. “ದೇವರಿಗೆ ಬೇರೆ ಕಾವಲಿಯಲ್ಲಿ ಮಾಡಿದ್ದೇನೆ. ಇದು ಎಂಟೂ ನಿಮಗೆ. ಫಾರಿನ್ ಮಾಡೆಲ್. ತಿನ್ನಿ.”

ರಾಯರು ತಿಂದರು. ಇಡೀ ಹೋಟೆಲಿನ ಎದುರು ತಿಂದರು. (ರುಚಿ ಚೆನ್ನಾಗಿಯೇ ಇತ್ತು, ಕೊನೆಯಲ್ಲಿ ಸ್ವಲ್ಪ ಗ್ರೀಸಿನ ವಾಸನೆ ಬಂತು ಅಷ್ಟೆ.) ತಿನ್ನುತ್ತಾ ತಿನ್ನುತ್ತಾ ಅವರಿಗೆ ಒಂದು ಭಯ ಹುಟ್ಟಿತು. ಬೆಂಕಿ ಹೊತ್ತುವ ಗುಳಿಗಳು ಒಂದೊಂದು ಅಳತೆಯವಾದರೆ ಎಂಜಿನ್ ಏನಾಗುತ್ತದೆ?

“ಕೆಮ್ಮುತ್ತದೆ!” ಎಂದು ಮುಂಡಪ್ಪ ಫೋನಿನಲ್ಲಿ ಕೂಗಿದ. “ಒಂದೊಂದು ಸಿಲಿಂಡರು ಒಂದೊಂದು ತಾಳ ಹೊಡಿತದೆ!” ಆದರೂ ಅಪ್ಪದ ಸಾಕ್ಷ್ಯವನ್ನು ಅವನು ಒಪ್ಪಲಿಲ್ಲ. ತಾನೇ ಡೊಂಬಿವಲಿಗೆ ಬಂದು, ಗಾಜಿನ ಅಳತೆಯ ಕೊಳವೆಯಲ್ಲಿ ಎಣ್ಣೆ ಬಿಟ್ಟು ಗುಳಿಗಳನ್ನು ಅಳೆದ. ಮೂರನೆಯದು ದೊಡ್ಡದು. ಆಚೆಯದರಲ್ಲಿ ಎರಡು ದೊಡ್ಡದು, ಒಂದು ಸಣ್ಣದು. ಮುಂಡಪ್ಪ ಕೊಳವೆ ಕೆಳಗಿಟ್ಟು ಗಂಗಕ್ಕನಿಗೆ ಎರಡೂ ಕೈ ಎತ್ತಿ ಮುಗಿದ. ಅವನ ಬಾಯಿಂದ ಸ್ವರ ಹೊರಡದ ಆ ಗಳಿಗೆಯನ್ನು ಕಂಡ ಪುಣ್ಯಾತ್ಮರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ಆಮೇಲೆ ಹೆಡ್ಡಿನ ಆಯ್ಕೆ ರಾಯರ ಕೈಯಲ್ಲಿ ಉಳಿಯಲಿಲ್ಲ. ಗಂಗಕ್ಕ ಹೋಟೆಲಿನ ತರಕಾರಿ ವ್ಯಾನನ್ನು ತಾವೇ ಓಡಿಸಿಕೊಂಡು (ಕಲ್ಯಾಣದ ಮಾರ್ಕೆಟ್ಟಿಗೆ ದಿನಾ ಓಡಿಸುವುದೂ ಅವರೇ) ತುರ್ಭೆಗೆ ಹೊರಟರು. ಪಕ್ಕದಲ್ಲಿ ಮುಂಡಪ್ಪ, ಹಿಂದೆ ಖಾಲಿ ಬುಟ್ಟಿಗಳ ನಡುವೆ ಹೆಡ್ಡುಗಳನ್ನು ತಬ್ಬಿ ರಾಯರು. ವಾಸು ಹೆಡ್ಡುಗಳನ್ನು ವಾಪಸ್ ತೆಗೆದುಕೊಂಡು ಮೂಸಿ ನೋಡಿದ. “ಏಲಕ್ಕಿಯ ವಾಸನೆ ಬರ್ತಿದೆಯಲ್ಲ ಶೇಠ್?” ಎಂದ. ರಾಯರು ಛಾವಣಿ ನೋಡಿದರು.

ಗಂಗಕ್ಕ ಮೂಲೆಯ ಮಂಕು ಹೆಡ್ಡುಗಳನ್ನು ಮಗುಚಿ ಹಾಕಿಸಿ, ಚೀಲದಿಂದ ಸೌಟು ತೆಗೆದು, ಕ್ಯಾನಿನ ನೀರನ್ನು ಒಂದೊಂದೇ ಗುಳಿಗೆ ಹೊಯ್ದರು. ಎಂಟರಲ್ಲೂ ನೀರು ಅಂಚಿನ ಒಂದೇ ಗೆರೆಗೆ ಬಂದು ನಿಂತಿತು.

ರಾಯರಿಗೆ ಮಾತ್ರ ಇನ್ನೂ ಸಂಕಟ. “ಆದ್ರೆ ದಾರಿ ಎಷ್ಟು ಸಪೂರ ನೋಡು. ಗಾಳಿ ಹೇಗೆ ಹೋಗುದು?”

“ಊದುಕೊಳವೆಯಲ್ಲಿ ಒಲೆ ಊದಿದ್ದೀರಾ ಯಾವತ್ತಾದ್ರೂ? ನೀವೆಲ್ಲಿ ಊದ್ತೀರಿ! ಕೊಳವೆ ಸಪೂರ ಇದ್ರೆ ಉಸಿರು ಜೋರಾಗಿ ಹೋಗ್ತದೆ, ಕೆಂಡ ಭಗ್ಗ ಅಂತದೆ. ಪೈಪಿನಷ್ಟು ಅಗಲದ್ದರಲ್ಲಿ ಊದಿದ್ರೆ ಬೂದಿ ಸಹ ಅಲ್ಲಾಡುದಿಲ್ಲ. ನಮಗೆ ನಿಧಾನ ಹೋಗ್ಲಿಕ್ಕೆ ಉಂಟು. ನಿಧಾನದಲ್ಲಿ ಬೆಂಕಿ ಬೇಕು.”

“ಹೌದೌದು, ಸರಿ,” ಎಂದರು ರಾಯರು ತಕ್ಷಣ.

“ಇದನ್ನೇ ನಾನು ಅವತ್ತು ಫೋನಿನಲ್ಲಿ ಬಡ್ಕೊಂಡದ್ದು!” ಎಂದು ಮುಂಡಪ್ಪ ಅಂಗಡಿಯ ತಗಡು ನಡುಗುವಂತೆ ಕೂಗಿದ.

“ನೀನು ಇಂಗ್ಲಿಷಿನಲ್ಲಿ ಬಡ್ಕೊಂಡೆ,” ಎಂದರು ರಾಯರು.

ವಾಪಸ್ ಬರುವಾಗ ರಾಯರು ಹಿಂದಿನಿಂದ ಹೆಂಡತಿಯ ತಲೆಯನ್ನು, ಅದರಲ್ಲಿನ ನರೆಯನ್ನು, ಲಾರಿಗಳ ನಡುವೆ ವ್ಯಾನು ನುಸುಳಿಸುವ ಧೈರ್ಯವನ್ನು ನೋಡುತ್ತಾ ಕೂತರು. ಎಂಥ ಕಣ್ಣು ಇವಳದು! ಎಂಥ ಬುದ್ಧಿ! ಹೇಳಬೇಕು ಎನಿಸಿತು. ಮೂವತ್ತೆರಡು ವರ್ಷ ಹೇಳದೆ ಅಭ್ಯಾಸವಾದ ಮಾತು, ಅದೂ ಮುಂಡಪ್ಪನ ಎದುರು. ರಾಯರು ಗಂಟಲು ಸರಿ ಮಾಡಿಕೊಂಡು, “ಎಡಕ್ಕೆ ತಿರುಗುವಾಗ ಇಂಡಿಕೇಟರ್ ಹಾಕು,” ಎಂದರು.

ಹೆಡ್ಡು ಕೂತಿತು, ಎಂಜಿನ್ ಹೊತ್ತಿತು. ಆ ಸದ್ದನ್ನು ಏನೆಂದು ಹೇಳುವುದು! ಜೋರಲ್ಲ, ಕರ್ಕಶವಲ್ಲ, ಎದೆಯ ಒಳಗೆ ಯಾರೋ ನಿಧಾನವಾಗಿ ಚೆಂಡೆ ಬಾರಿಸಿದಂತೆ. ಮುಂಡಪ್ಪ ಎಂಜಿನ್ನಿನ ನೆತ್ತಿಯ ಮೇಲೆ ಕಾಫಿ ತುಂಬಿದ ಲೋಟ ಇಟ್ಟ. ಒಂದು ಹನಿ ಚೆಲ್ಲಲಿಲ್ಲ. ರಾಯರು ಕಣ್ಣು ಒರೆಸಿಕೊಂಡರು, ಆಮೇಲೆ ಆ ಕಾಫಿ ಕುಡಿದರು. ಕಾರಿನಲ್ಲಿ ಒಂದೇ ಒಂದು ಕೊರತೆ, ಪೆಟ್ರೋಲಿನ ಮುಳ್ಳು ಅಲ್ಲಾಡುತ್ತಿರಲಿಲ್ಲ. “ಇಷ್ಟು ಒಳ್ಳೆಯ ಹೆಡ್ಡಿಗೆ ಮುಳ್ಳು ಯಾಕೆ!” ಎಂದರು ರಾಯರು.

ಷಷ್ಟ್ಯಬ್ದಿಯ ಬೆಳಿಗ್ಗೆ ನೆಂಟರೆಲ್ಲ ಬಸ್ಸಿನಲ್ಲಿ ಮುಂಚೆಯೇ ಠಾಣೆಗೆ ಹೋಗಿದ್ದರು. ಮನೆಗೆ ಬೀಗ ಹಾಕಿ ಟ್ರೇನಿನಲ್ಲಿ ಬರುವುದಕ್ಕೆ ಶ್ರೀಪ್ರಿಯಾ ಉಳಿದಿದ್ದಳು. ಸೊಸೈಟಿಯ ಗೇಟಿನಲ್ಲಿ ಇಂಪಾಲಾ ಮದುಮಗನಿಗಿಂತ ಹೆಚ್ಚು ಅಲಂಕಾರ ಮಾಡಿಕೊಂಡು ನಿಂತಿತ್ತು. ಒಳಗಿನ ಕನ್ನಡಿಗೆ ಸುತ್ತಿದ ಸೇವಂತಿಗೆ ಮಾಲೆಯಲ್ಲಿ ಕನ್ನಡಿಯೇ ಮುಚ್ಚಿಹೋಗಿತ್ತು. ಮುಂದಿನ ಸೀಟಿನಲ್ಲಿ ಬೆಳ್ಳಿಯ ಕಲಶ, ಅಕ್ಷತೆಯ ತಟ್ಟೆ, ಗಣಪತಿ. ಹಾಗಾಗಿ ಗಂಗಕ್ಕ ಹಿಂದೆ ಕೂತರು, ಇಬ್ಬರ ಫೋನುಗಳಿದ್ದ ಚೀಲವನ್ನು ಪಕ್ಕದಲ್ಲಿ ಇಟ್ಟುಕೊಂಡರು. ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು, ಎದುರು ತೆಂಗಿನಕಾಯಿ ಒಡೆದಾಯಿತು. ರಾಯರು ಚಾವಿ ತಿರುಗಿಸಿದರು. ಚೆಂಡೆ ಶುರುವಾಯಿತು.

ಆಗ ಗಂಗಕ್ಕನಿಗೆ ಒಡೆದ ತೆಂಗಿನಕಾಯಿಯ ಎರಡು ಕಡಿಗಳು ಕಾರಿನ ಹಿಂದಕ್ಕೆ ಉರುಳಿ ರಸ್ತೆಯಲ್ಲೇ ಬಿದ್ದಿರುವುದು ಕಂಡಿತು. ಹೋಟೆಲಿನ ಹೆಂಗಸು, ಒಳ್ಳೆಯ ಕಾಯಿಯನ್ನು ರಸ್ತೆಯಲ್ಲಿ ಬಿಟ್ಟುಹೋಗುವ ಪೈಕಿಯಲ್ಲ. ಇಳಿದು ಹೆಕ್ಕಿಕೊಂಡರು, ಏನೋ ನೆನಪಾಗಿ ಗಂಡನನ್ನು ಕೂಗಿದರು. ಅಷ್ಟರಲ್ಲಿ ಉತ್ಸಾಹಿ ವಾಚ್‌ಮನ್, ಮದುಮಗಳು ಒಳಗೇ ಇದ್ದಾರೆಂದು ಹಿಂದಿನ ಬಾಗಿಲನ್ನು ಧಡಾರನೆ ಹಾಕಿದ. ಬಾಗಿಲಿನ ಸದ್ದು ರಾಯರಿಗೆ ಕೇಳಿತು, ಹೆಂಡತಿಯ ಕೂಗು ಕೇಳಲಿಲ್ಲ. ಇಂಪಾಲಾ ಹೊರಟಿತು.

ಎಂಥ ಪ್ರಯಾಣ ಅದು! ಆಮೆಯ ವೇಗದ ಟ್ರಾಫಿಕ್ಕಿನಲ್ಲೂ ಎಂಜಿನ್ ಉಸಿರು ಬಿಡದೆ ಎಳೆಯಿತು. ಶಿಳ್‌ಫಾಟಾ ಬಂತು. ರಾಯರು ಉಸಿರು ಹಿಡಿದರು. ಕೆಮ್ಮಲಿಲ್ಲ! ಶಿಳ್‌ಫಾಟಾ ಹಿಂದೆ ಹೋಯಿತು, ಮುಂಬ್ರಾದ ಬೈಪಾಸಿನ ಏರು ಬಂತು, ಕಾರು ತೇಲಿಕೊಂಡು ಹತ್ತಿತು. ಆಗ, ಅವತ್ತು ವ್ಯಾನಿನಲ್ಲಿ ಹೇಳದೆ ಬಿಟ್ಟದ್ದೆಲ್ಲ ರಾಯರ ಬಾಯಿಗೆ ಬಂತು.

“ಗಂಗಾ, ಕೇಳ್ತಾ ಉಂಟಾ? ಇದು ನಿನ್ನ ಹೆಡ್ಡು. ನಾನು ಆರಿಸಿದ್ದಾಗಿದ್ರೆ ಶಿಳ್‌ಫಾಟಾದಲ್ಲೇ ನಮ್ಮ ಷಷ್ಟ್ಯಬ್ದಿ. ಹೋಟೆಲು ನಡೆಯುದು ನನ್ನಿಂದ ಅಂತ ಎಲ್ಲರೂ ಹೇಳ್ತಾರೆ, ನಾನೂ ಹೇಳ್ತೇನೆ. ಸುಳ್ಳು ಅದು. ನಿನ್ನ ಸೌಟಿನಿಂದ ನಡೆಯುದು.” ಹಿಂದಿನಿಂದ ಉತ್ತರವಿಲ್ಲ. ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡರು. “ಇನ್ನೊಂದು ಹೇಳ್ತೇನೆ. ಮಂಟಪದಲ್ಲಿ ನಾಚಿಕೆಯಿಂದ ನಾನು ತಲೆ ಎತ್ತಲೇ ಇಲ್ಲ. ನಿನ್ನ ಮುಖ ನಾನು ಸರಿಯಾಗಿ ನೋಡಿದ್ದು ನೀನು ಕಾರು ನೂಕುವಾಗ, ಈ ಕನ್ನಡಿಯಲ್ಲಿ. ಬೆವರಿ, ಹಾರ ಹರಿದು, ಮುಖ ಕೆಂಪು ಮಾಡಿ ನೂಕ್ತಾ ಇದ್ದಿ. ಅಯ್ಯೋ, ಎಂಥ ಚಂದ ಇದ್ದಿ ಮಾರಾಯ್ತಿ! ಅವತ್ತಿಂದ ಇವತ್ತಿನವರೆಗೆ ಅಷ್ಟು ಚಂದದ್ದು ನಾನು ಬೇರೆ ಎಂತದೂ ನೋಡಲಿಲ್ಲ. ಹೆಡ್ಡು ಸಹ ಇಲ್ಲ.” ಈ ಕೊನೆಯ ಮಾತು ಹೇಳುವಾಗ ಅವರ ಸ್ವರ ಒಡೆಯಿತು.

ಠಾಣೆಯ ಹಾಲಿನ ಎದುರು ಕಾರು ನಿಂತಾಗ ವಾದ್ಯದವರು ಶುರು ಮಾಡಿದರು. ಮುಂಡಪ್ಪ ಓಡಿಬಂದು ಹಿಂದಿನ ಬಾಗಿಲು ತೆರೆದು ಬಗ್ಗಿ ನಮಸ್ಕರಿಸಿದ. ಸೀಟಿನ ಮೇಲೆ ಒಂದು ಚೀಲವಿತ್ತು. ಅದರಲ್ಲಿ ಎರಡು ಫೋನುಗಳು ಜೋರಾಗಿ ಹೊಡೆದುಕೊಳ್ಳುತ್ತಿದ್ದವು.

“ರಾಯರೇ! ಮದುಮಗಳು ಎಲ್ಲಿ?” ಮುಂಡಪ್ಪ ಮೆಲ್ಲಗೆ ಕೇಳಿದನೆಂದು ಅವನೇ ಹೇಳುತ್ತಾನೆ. ವಾದ್ಯ ನಿಂತಿತು.

“ಇಲ್ಲಿದ್ದೇನೆ,” ಎಂದು ಮೆಟ್ಟಿಲಿನ ಮೇಲಿನಿಂದ ಉತ್ತರ ಬಂತು. ಧಾರೆ ಸೀರೆಯಲ್ಲಿ, ಎರಡು ಕೈಯಲ್ಲಿ ಎರಡು ತೆಂಗಿನಕಾಯಿ ಕಡಿ ಹಿಡಿದು ಗಂಗಕ್ಕ ನಿಂತಿದ್ದರು. ಪಕ್ಕದಲ್ಲಿ ಶ್ರೀಪ್ರಿಯಾ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಬಂದು, ಕಾಫಿ ಕುಡಿದು, ನೆಂಟರಲ್ಲಿ ಅರ್ಧ ಜನರನ್ನು ಮಾತಾಡಿಸಿ ಆಗಿತ್ತು.

ರಾಯರು ಖಾಲಿ ಸೀಟನ್ನು ನೋಡಿದರು, ಹೆಂಡತಿಯನ್ನು ನೋಡಿದರು. “ಹಾಗಾದ್ರೆ... ಮುಂಬ್ರಾದಿಂದ ನಾನು ಹೇಳಿದ್ದೆಲ್ಲ ಯಾರಿಗೆ?”

“ಎಂತ ಹೇಳಿದ್ರಿ?”

ಇಡೀ ಬಳಗ ಕಿವಿ ನಿಮಿರಿಸಿತು. “ಎಂತ ಇಲ್ಲ. ಹೆಡ್ಡಿನ ವಿಷಯ,” ಎಂದರು ರಾಯರು.

“ನಾನು ಸಹ ಒಂದು ಕೇಳ್ಬೇಕು ಅಂತ ನಿಮ್ಮನ್ನು ಕರೆದದ್ದು...” ಎಂದು ಗಂಗಕ್ಕ ಶುರು ಮಾಡಿದರು. ಭಟ್ಟರು ಮುಹೂರ್ತ ಮೀರುತ್ತಿದೆಯೆಂದು ಇಬ್ಬರನ್ನೂ ಎಳೆದುಕೊಂಡು ಹೋದರು. ಈ ಸಲ ತಾಳಿ ಕಟ್ಟುವಾಗ ರಾಯರು ತಲೆ ಎತ್ತಿ ನೋಡಿದರು. ಗಂಗಕ್ಕ ಯಾಕೆ ಹೀಗೆ ನೋಡುತ್ತಾರೆಂದು ಹುಬ್ಬು ಗಂಟಿಕ್ಕಿದರು.

ಸಂಜೆ ವಾಪಸ್ ಹೊರಡುವಾಗ ಗಂಗಕ್ಕ ಕಲಶವನ್ನು ಹಿಂದಕ್ಕೆ ಇಡಿಸಿ, ಮುಂದಿನ ಸೀಟಿನಲ್ಲಿ ರಾಯರ ಪಕ್ಕದಲ್ಲಿ ಕೂತು, ಕನ್ನಡಿಯ ಮಾಲೆಯನ್ನು ಕಿತ್ತು ಮಡಿಲಲ್ಲಿ ಹಾಕಿಕೊಂಡರು. “ಈಗ ಹೇಳಿ, ಬೆಳಿಗ್ಗೆ ಎಂತ ಹೇಳಿದ್ರಿ?” ಎಂದರು. ಖಾಲಿ ಸೀಟಿಗೆ ಅಷ್ಟು ಚೆಂದವಾಗಿ ಹೇಳಿದ ರಾಯರಿಗೆ ತುಂಬಿದ ಸೀಟಿನ ಎದುರು ನಾಲಿಗೆ ಹೊರಳಲಿಲ್ಲ. ಎಂಜಿನ್ನಿನ ಸದ್ದಿನಲ್ಲಿ ಕೇಳುವುದಿಲ್ಲ, ಮನೆಗೆ ಹೋಗಿ ಹೇಳುತ್ತೇನೆ ಎಂದರು. ಮನೆಗೆ ಹೋದರೆ ನೆಂಟರಿರುತ್ತಾರೆ, ಬಚಾವಾದೆ ಎಂದುಕೊಂಡರು.

ಶಿಳ್‌ಫಾಟಾ ಬಂತು. ಇಂಪಾಲಾ ಒಮ್ಮೆ ಕೆಮ್ಮಿತು, ಎರಡನೇ ಸಲ ಕೆಮ್ಮದೆ ನಿಂತುಬಿಟ್ಟಿತು.

ಚೆಂಡೆ ನಿಂತ ಆ ನಿಶ್ಶಬ್ದದಲ್ಲಿ ಗಂಗಕ್ಕ ಮೆಲ್ಲಗೆ ಅಂದರು, “ಬೆಳಿಗ್ಗೆ ನಾನು ನಿಮ್ಮನ್ನು ಕರೆದದ್ದು ಅದನ್ನೇ ಕೇಳ್ಲಿಕ್ಕೆ. ಪೆಟ್ರೋಲ್ ಹಾಕಿದ್ದೀರಾ ಅಂತ.”

ರಾಯರು ಅಲ್ಲಾಡದ ಮುಳ್ಳನ್ನು ನೋಡಿದರು. ಹೆಡ್ಡಿಗೆ ಎರಡು ತಿಂಗಳು ಕೊಟ್ಟವರು ಪೆಟ್ರೋಲಿಗೆ ಎರಡು ನಿಮಿಷ ಕೊಟ್ಟಿರಲಿಲ್ಲ. ಪಂಪು ಎದುರಿಗೇ ಕಾಣುತ್ತಿತ್ತು, ನೂಕಿದರೆ ತಲುಪುವಷ್ಟು ದೂರದಲ್ಲಿ. ರಾಯರು ತುಟಿಪಿಟಕ್ಕೆನ್ನದೆ ಇಳಿದರು, ಜರಿಪಂಚೆ ಎತ್ತಿ ಕಟ್ಟಿದರು, ಕೊರಳಿನ ಹಾರದ ಜೊತೆಗೇ ಹಿಂದೆ ಹೋಗಿ ಕೈ ಕೊಟ್ಟರು. ಗಂಗಕ್ಕ ಸರಿದು ಸ್ಟಿಯರಿಂಗ್ ಹಿಡಿದರು. (ಯಾರಾದರೂ ಹಿಡಿಯಲೇಬೇಕಲ್ಲ.) ಹಿಂದೆ ಹಾರ್ನುಗಳ ಮಹಾಪೂರ. ಇಬ್ಬರು ರಿಕ್ಷಾದವರು ನಗುತ್ತಾ ಕೈಸೇರಿಸಿದರು.

“ಈಗ ಎಂಜಿನ್ನಿನ ಸದ್ದು ಇಲ್ಲ,” ಎಂದು ಕಿಟಕಿಯಿಂದ ಗಂಗಕ್ಕನ ಸ್ವರ ಬಂತು. “ಹೇಳಿ.”

“ಗಂಗಾ...” ರಾಯರು ಏದುಸಿರು ಬಿಟ್ಟರು. “ನಿನ್ನ ಸೌಟಿನಿಂದಲೇ... ಹೋಟೆಲು...”

“ಕೇಳುದಿಲ್ಲ. ಜೋರಾಗಿ!”

“ಅವತ್ತು ನೀನು ನೂಕುವಾಗ... ಆ ಕನ್ನಡಿಯಲ್ಲಿ... ಭಾರೀ ಚಂದ ಇದ್ದಿ!” ಎಂದು ಪುಂಡರೀಕಾಕ್ಷ ರಾಯರು ಮುಂಡಪ್ಪನ ಸ್ವರದಲ್ಲಿ ಕಿರುಚಿದರು. ರಿಕ್ಷಾದವರು ನೂಕುವುದನ್ನು ಬಿಟ್ಟು ಅವರ ಮುಖ ನೋಡಿದರು.

ಗಂಗಕ್ಕ ಒಳಗಿನ ಕನ್ನಡಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು; ಬೆವರಿ, ಹಾರ ಹರಿದು, ಮುಖ ಕೆಂಪಾದ ಗಂಡನನ್ನು ಅದರಲ್ಲಿ ಚೆನ್ನಾಗಿ ನೋಡಿದರು.

“ನೀವು ಸಹ ಚಂದ ಕಾಣ್ತೀರಿ,” ಎಂದರು. “ನೂಕಿ.”